ಕೆಂಪು ಏಲ್‌ಗೆ ಬಣ್ಣ ಬೇಕು, ಸಿಹಿಯಲ್ಲ

ರಜೆಗೆ ಬದಿಯಡ್ಕಕ್ಕೆ ಬಂದಾಗಿನಿಂದ ಒಂದೇ ಪ್ರಶ್ನೆ: ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡ್ತೀಯಂತೆ, ಹೇಗೆ? ಇಲ್ಲಿ ಕೈ ಹಾಕಬೇಡಿ, ಲೈಸೆನ್ಸ್ ಇಲ್ಲದಿದ್ದರೆ ಅಬಕಾರಿ ಕೇಸು. ಇದು ಹೊರದೇಶದಲ್ಲಿರುವ ನಮ್ಮವರಿಗೆ, ನಾನು ಮಾಡುವ ಕೆಂಪು ಏಲ್ (ಒಂದು ಬಗೆಯ ಬಿಯರ್).

20 ಲೀಟರಿಗೆ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4.5 ಕಿಲೋ, ಸಿಹಿ ಕೊಡುವ ಕ್ರಿಸ್ಟಲ್ ಮಾಲ್ಟ್ 350 ಗ್ರಾಂ. ಮೊದಲ ಸಲ ನಾನು ಬಣ್ಣಕ್ಕೆಂದು ಕ್ರಿಸ್ಟಲನ್ನೇ ಒಂದು ಕಿಲೋ ಸುರಿದೆ. ಪುನರ್ಪುಳಿ ಶರಬತ್ತಿನಷ್ಟು ಸಿಹಿ, ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು) ಎಲ್ಲಿ ಹೋಯಿತೋ! ಕೆಂಪು ಬರುವುದು ಹುರಿದ ಬಾರ್ಲಿಯಿಂದ, 70 ಗ್ರಾಂ ಸಾಕು. ಮಾಲ್ಟನ್ನು 67 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆಸುತ್ತೇವಲ್ಲ, ಅದರ ಕೊನೆಯ 10 ನಿಮಿಷಕ್ಕೆ ಈ ಹುರಿದ ಬಾರ್ಲಿ ಪುಡಿ ಹಾಕಿ. ಬಣ್ಣ ಇಳಿಯುತ್ತದೆ, ಸುಟ್ಟ ರುಚಿ ಅಷ್ಟಾಗಿ ಬರುವುದಿಲ್ಲ.

ಸೋಸಿದ ರಸಕ್ಕೆ ಕಹಿಗೆಂದು ಮ್ಯಾಗ್ನಮ್ ಹಾಪ್ಸ್ 20 ಗ್ರಾಂ ಹಾಕಿ, 60 ನಿಮಿಷ ಕುದಿಯಲಿ. ಪರಿಮಳದ ಹಾಪ್ಸ್ ಮಾತ್ರ ಸಾರಿಗೆ ಕೊತ್ತಂಬರಿ ಸೊಪ್ಪು ಹಾಕಿದ ಹಾಗೆ, ಒಲೆ ಆರಿಸಿದ ಮೇಲೆ. ಸೆಂಟೆನಿಯಲ್, ಸಿಮ್ಕೋ ತಲಾ 30 ಗ್ರಾಂ. ತಣಿಸಿ ಯೀಸ್ಟ್ ಹಾಕಿ; ಹುದುಗು ಬಂದು ನೊರೆ ಇಳಿದ ಮೇಲೆ ಈ ಎರಡು ಹಾಪ್ಸ್ ಇನ್ನೊಮ್ಮೆ ಅಷ್ಟೇ ಹಾಕಿ, 3 ದಿನ ಬಿಡಿ. ಯೀಸ್ಟ್ ಸಾದಾ ಅಮೆರಿಕನ್ ಏಲ್‌ನದ್ದು, 18-19 ಡಿಗ್ರಿಯಲ್ಲಿ. ದುಬಾರಿಯದ್ದು ಸುಮ್ನೆ ಖರ್ಚು.