ಕಾಕಾನ ಪಾಲು ಕೊಳ್ಳಲು ಪ್ರೈವೇಟ್ ಕ್ರೆಡಿಟ್ ತಂದೆವು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಫೌಂಡ್ರಿ ಇದೆ. ಪಂಪು, ವಾಲ್ವು, ಟ್ರ್ಯಾಕ್ಟರ್ ಬಿಡಿಭಾಗಗಳನ್ನು ಎರಕ ಹೊಯ್ಯುತ್ತೇವೆ. ಅಪ್ಪ ಮತ್ತು ಕಾಕಾ ಕೂಡಿ ಕಟ್ಟಿದ್ದು. 2020ರ ಕೊನೆಗೆ ಕಾಕಾ ತಮ್ಮ ಶೇ 40ರ ಪಾಲು ಬಿಡಿಸಿಕೊಳ್ಳುತ್ತೇನೆ ಎಂದರು. ಜಗಳವೇನೂ ಇರಲಿಲ್ಲ. ಅವರ ಮಕ್ಕಳಿಬ್ಬರೂ ಹೊರದೇಶದಲ್ಲಿ ನೆಲೆಸಿದ್ದರು, ಫೌಂಡ್ರಿಗೆ ಬರುವವರಲ್ಲ. ವರ್ಷದ ವಹಿವಾಟು ಸುಮಾರು 160 ಕೋಟಿ, ಬಡ್ಡಿ-ತೆರಿಗೆ-ಸವಕಳಿ ಕಳೆಯುವ ಮುಂಚಿನ ಲಾಭ, ಅಂದರೆ ಎಬಿಟ್ಡಾ, 22 ಕೋಟಿ. ಅದರ ಆರು ಪಟ್ಟು ಹಿಡಿದು, ಬ್ಯಾಂಕಿನ 30 ಕೋಟಿ ಸಾಲ ಕಳೆದು, ಕಾಕಾನ ಪಾಲಿಗೆ 40 ಕೋಟಿ ಎಂದು ಮನೆಯಲ್ಲೇ ಒಪ್ಪಂದವಾಯಿತು. ನಮ್ಮ ಕೈಯಲ್ಲಿದ್ದದ್ದು 8 ಕೋಟಿ.

ಉಳಿದ 32 ಕೋಟಿಗೆ ಮೊದಲು ಹೋದದ್ದು ನಮ್ಮ ಬ್ಯಾಂಕಿಗೇ. ಯಂತ್ರ ಕೊಳ್ಳುತ್ತೀರಾದರೆ ನಾಳೆಯೇ ಕೊಡುತ್ತೇವೆ ಎಂದರು. ಷೇರು ಕೊಳ್ಳಲು ಸಾಲ ಕೊಡುವುದಕ್ಕೆ ಆಗಿನ ರಿಸರ್ವ್ ಬ್ಯಾಂಕ್ ನಿಯಮಗಳಲ್ಲಿ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಪ್ರೈವೇಟ್ ಕ್ರೆಡಿಟ್ ಫಂಡುಗಳು, ಅಂದರೆ ಹೂಡಿಕೆದಾರರ ಹಣ ಕೂಡಿಸಿ ಕಂಪನಿಗಳಿಗೆ ನೇರವಾಗಿ ಸಾಲ ಕೊಡುವ ನಿಧಿಗಳು, ನಮ್ಮಂಥ ಮಧ್ಯಮ ಗಾತ್ರದ ಕಂಪನಿಗಳ ತನಕ ಬಂದದ್ದಕ್ಕೆ ಇದೊಂದು ಮುಖ್ಯ ಕಾರಣ. ಷೇರುಪೇಟೆಯ ನಿಯಂತ್ರಕ ಸೆಬಿ 2012ರಲ್ಲಿ ಪರ್ಯಾಯ ಹೂಡಿಕೆ ನಿಧಿಗಳ ನಿಯಮ ತಂದಿತು. ಈ ಸಾಲದ ಫಂಡುಗಳು ಅದರ ಎರಡನೇ ವರ್ಗದಲ್ಲಿ ಬರುತ್ತವೆ. 2016ರ ದಿವಾಳಿ ಸಂಹಿತೆ ಸಾಲ ಕೊಟ್ಟವರಿಗೆ ಸಾಲಗಾರರ ಮೇಲೆ ಒಂದು ಹಿಡಿತ ಕೊಟ್ಟಿತು. 2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಆ್ಯಂಡ್ ಎಫ್ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸದೆ ಬಾಕಿ ಉಳಿಸಿಕೊಂಡ ಮೇಲೆ ಹಣಕಾಸು ಕಂಪನಿಗಳು ಕೈ ಹಿಂತೆಗೆದವು, ಆ ಜಾಗಕ್ಕೆ ಇವು ಬಂದವು.

ಸಾಲದ ಫಂಡಿನ ಬಾಗಿಲು ತಟ್ಟುವ ಮುಂಚೆ ಎರಡು ಪ್ರೈವೇಟ್ ಇಕ್ವಿಟಿ ಫಂಡುಗಳ ಜೊತೆಗೂ ಮಾತಾಡಿದ್ದೆವು. ಇವು ಸಾಲ ಕೊಡುವುದಿಲ್ಲ, ಕಂಪನಿಯಲ್ಲಿ ಪಾಲು ಕೊಳ್ಳುತ್ತವೆ. ಕಾಕಾನ ಪಾಲನ್ನು ಅವರೇ ಕೊಳ್ಳಲು ಸಿದ್ಧರಿದ್ದರು. ಬಡ್ಡಿ ಇಲ್ಲ, ಕಂತು ಇಲ್ಲ. ಆದರೆ ಐದಾರು ವರ್ಷಕ್ಕೆ ಅವರು ಹೊರಬೀಳಬೇಕು. ನಾವು ದಾರಿ ಮಾಡಿಕೊಡದಿದ್ದರೆ ನಮ್ಮ ಪಾಲನ್ನೂ ಸೇರಿಸಿ ಇಡೀ ಕಂಪನಿಯನ್ನು ಮಾರುವ ಹಕ್ಕು ಅವರಿಗೆ. ಇದನ್ನು ಅಪ್ಪನಿಗೆ ಓದಿ ಹೇಳಿದಾಗ, "ಬಡ್ಡಿ ಕೊಡೂಣು, ಭಟ್ಟಿ ಕೊಡೂದು ಬ್ಯಾಡ" ಅಂದರು. ನನ್ನ ಲೆಕ್ಕವೂ ಹಾಗೇ ಹೇಳಿತು. ಐದು ವರ್ಷದಲ್ಲಿ ಕಂಪನಿಯ ಬೆಲೆ ಮೂರು ಪಟ್ಟಾದರೆ ಆ 40 ಕೋಟಿ 120 ಕೋಟಿಯಾಗುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ ಶೇ 25. ಸಾಲದ ಫಂಡು ಕೇಳುತ್ತಿದ್ದದ್ದು ಒಟ್ಟು ಶೇ 18. ಬೆಳೆಯುತ್ತೇವೆ ಎಂಬ ನಂಬಿಕೆ ಇದ್ದವನಿಗೆ ಸಾಲವೇ ಅಗ್ಗ.

ಎರಡು ತಿಂಗಳು ಹಗ್ಗಜಗ್ಗಾಡಿ 18ನ್ನು 17.5ಕ್ಕೆ ಇಳಿಸಿದೆವು. ಅದರಲ್ಲಿ ಶೇ 13 ಮೂರು ತಿಂಗಳಿಗೊಮ್ಮೆ ಕೊಡುವ ಬಡ್ಡಿ, ಉಳಿದದ್ದು ಅಸಲು ತೀರಿಸುವಾಗ ಅದರ ಮೇಲೆ ಕೊಡುವ ಹೆಚ್ಚುವರಿ ಹಣ, ಅಂದರೆ ಪ್ರೀಮಿಯಂ. ಅವಧಿ ಐದು ವರ್ಷ, ಮೊದಲ 18 ತಿಂಗಳು ಅಸಲಿಗೆ ವಿನಾಯಿತಿ, ಮೂರು ವರ್ಷ ಕಳೆದ ಮೇಲೆ ದಂಡವಿಲ್ಲದೆ ಮುಂಚಿತವಾಗಿ ತೀರಿಸಬಹುದು. ನಮ್ಮ ಶೇ 60ರ ಷೇರುಗಳು ಆಗಲೇ ಒಂದು ಕುಟುಂಬದ ಕಂಪನಿಯ ಹೆಸರಲ್ಲಿದ್ದವು. ಅದೇ ಕಂಪನಿ ಡಿಬೆಂಚರ್, ಅಂದರೆ ಸಾಲಪತ್ರ, ಹೊರಡಿಸಿ ಕಾಕಾನ ಪಾಲು ಕೊಂಡಿತು. ಷೇರುಗಳು ಒತ್ತೆ, ತಿಲಕವಾಡಿಯ ಮನೆಜಾಗ ಅಡಮಾನ, ಅಪ್ಪ ಮತ್ತು ನನ್ನ ವೈಯಕ್ತಿಕ ಜಾಮೀನು. 2021ರ ಸೆಪ್ಟೆಂಬರ್‌ನಲ್ಲಿ ಹಣ ಬಂತು.

ಮೊದಲ ಏಟು ತೆರಿಗೆಯ ಕಡೆಯಿಂದ. ಬಡ್ಡಿ ಕಟ್ಟಬೇಕಾದದ್ದು ಕುಟುಂಬದ ಕಂಪನಿ, ದುಡಿಯುವುದು ಫೌಂಡ್ರಿ. ಫೌಂಡ್ರಿಯಿಂದ ಆ ಕಂಪನಿಗೆ ಲಾಭಾಂಶ ಕಳಿಸಿದರೆ, ಬಡ್ಡಿಯ ಖರ್ಚನ್ನು ಆ ಲಾಭಾಂಶದ ಶೇ 20ರಷ್ಟು ಮಾತ್ರ ಕಳೆಯಲು ಆಗ ಅವಕಾಶವಿತ್ತು. 5.6 ಕೋಟಿ ಕಳಿಸಿದರೆ 1.1 ಕೋಟಿಗೂ ಮೇಲೆ ತೆರಿಗೆಗೇ ಹೋಗುತ್ತಿತ್ತು. ಎರಡೂ ಕಂಪನಿಗಳನ್ನು ವಿಲೀನ ಮಾಡಲು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋದೆವು. 14 ತಿಂಗಳು ಹಿಡಿಯಿತು. ಹಣ ತರುವ ಮುಂಚೆಯೇ ಈ ಕೆಲಸ ಶುರು ಮಾಡಬೇಕಿತ್ತು.

ನಿಜವಾದ ಪೆಟ್ಟು ಬಿದ್ದದ್ದು 2022ರಲ್ಲಿ. ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ಎರಕಕ್ಕೆ ಬೇಕಾದ ಕಚ್ಚಾ ಕಬ್ಬಿಣ (ಪಿಗ್ ಐರನ್) ಮತ್ತು ಸ್ಕ್ರ್ಯಾಪ್ ಬೆಲೆ ವಾರವಾರಕ್ಕೆ ಏರಿತು. ನಮ್ಮ ಗಿರಾಕಿಗಳು ಕಚ್ಚಾಮಾಲಿನ ಏರಿಕೆಯನ್ನು ಕಟ್ಟಿಕೊಡುತ್ತಾರೆ, ಆದರೆ ಮೂರು ತಿಂಗಳು ತಡವಾಗಿ. ಮೇ 22ರಿಂದ ಕೇಂದ್ರ ಸರ್ಕಾರ ಪಿಗ್ ಐರನ್ ರಫ್ತಿಗೆ ಶೇ 15ರ ಸುಂಕ ಹಾಕಿದ ಮೇಲೆ ಬೆಲೆ ಇಳಿಯಿತು. ಅಷ್ಟರೊಳಗೆ ದುಬಾರಿ ಮಾಲು ನಮ್ಮ ಅಂಗಳದಲ್ಲಿ ರಾಶಿ ಬಿದ್ದಿತ್ತು. ಜೂನ್ ಕೊನೆಯ ಲೆಕ್ಕಕ್ಕೆ ಹಿಂದಿನ 12 ತಿಂಗಳ ಎಬಿಟ್ಡಾ 17.5 ಕೋಟಿಗೆ ಕುಸಿಯಿತು. ಬ್ಯಾಂಕಿನ ಸಾಲ 34ಕ್ಕೆ ಏರಿ, ಫಂಡಿನ 32 ಸೇರಿ ಒಟ್ಟು ಸಾಲ 66 ಕೋಟಿಯಾಯಿತು.

ಕರಾರಿನಲ್ಲಿ ಸಾಲ ಎಬಿಟ್ಡಾದ 3.5 ಪಟ್ಟು ಮೀರಬಾರದು ಎಂದಿತ್ತು. ನಮ್ಮದು 3.77. ಆದರೆ ಅದೇ ದಿನ ಬ್ಯಾಂಕಿನಲ್ಲಿ ನಮ್ಮ ಹೆಸರಲ್ಲಿ 5 ಕೋಟಿಯ ಠೇವಣಿ ಇತ್ತು. ಅದನ್ನು ಕಳೆದಿದ್ದರೆ ಸಾಲ 61 ಕೋಟಿ, ಪ್ರಮಾಣ 3.49. ಕರಾರಿನಲ್ಲಿ "ಸಾಲ" ಎಂದಷ್ಟೇ ಬರೆದಿತ್ತು. "ನಿವ್ವಳ ಸಾಲ" ಎಂದಿರಲಿಲ್ಲ. ಆ ಪುಟವನ್ನು ನಾನು ಸಹಿ ಹಾಕುವ ಹಿಂದಿನ ಸಂಜೆ ಓದಿದ್ದೆ, ಆ ಪದ ಇಲ್ಲದ್ದು ಕಣ್ಣಿಗೆ ಬಿದ್ದಿರಲಿಲ್ಲ.

ತಿಂಗಳ ವರದಿ ಕಳಿಸುವ ಹತ್ತು ದಿನ ಮುಂಚೆಯೇ ಫಂಡಿನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಈಗಲೂ ಅನಿಸುತ್ತದೆ. ಇಬ್ಬರು ಬೆಳಗಾವಿಗೆ ಬಂದರು. ಒಂದಿಡೀ ದಿನ ಅಂಗಳದಲ್ಲಿ ಮಾಲು ಎಣಿಸಿದರು, ಗಿರಾಕಿಗಳ ಬೆಲೆ ಒಪ್ಪಂದ ಓದಿದರು. ಜಾಣರು, ಎರಡು ತ್ರೈಮಾಸಿಕದಲ್ಲಿ ಸರಿಹೋಗುತ್ತದೆ ಎಂದು ಅವರಿಗೂ ಕಂಡಿತು. ಕರಾರು ಮುರಿದದ್ದನ್ನು ಮನ್ನಿಸಿದರು, ಅದಕ್ಕೆ ಅಸಲಿನ ಶೇ 1 ಶುಲ್ಕ. 32 ಲಕ್ಷ. ಎರಡು ತಿಂಗಳು ಜಗ್ಗಾಡಿ ಗಳಿಸಿದ ಅರ್ಧ ಪರ್ಸೆಂಟ್ ವರ್ಷಕ್ಕೆ 16 ಲಕ್ಷ. ಎರಡು ವರ್ಷದ ಆ ಉಳಿತಾಯ ಒಂದು ಪದಕ್ಕೆ ಹೋಯಿತು.

ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಗೆ ಒಗ್ಗಿದ ನಮ್ಮಂಥವರು ಇನ್ನೊಂದು ಮಾತು ಮರೆಯುತ್ತೇವೆ. ಸಿಸಿ ವರ್ಷವರ್ಷ ನವೀಕರಣವಾಗುತ್ತದೆ. ಫಂಡಿಗೆ ಆಯುಷ್ಯ ಗೊತ್ತುಮಾಡಿರುತ್ತದೆ, ಹೂಡಿದವರಿಗೆ ಅದು ಹಣ ವಾಪಸು ಮಾಡಲೇಬೇಕು. ಐದನೇ ವರ್ಷ "ಇನ್ನೊಂದು ವರ್ಷ ಇರಲಿ" ಎಂದು ಕೇಳುವ ಸಂಬಂಧ ಇದಲ್ಲ. ಹಾಗಾಗಿ 2023ರಿಂದ ಹೊಸ ಯಂತ್ರ ತರುವುದನ್ನು ನಿಲ್ಲಿಸಿ, ಉಳಿದದ್ದನ್ನೆಲ್ಲ ಸಾಲಕ್ಕೇ ಹಾಕಿದೆವು. ಕೊನೆಗೆ ಫಂಡಿನ ಒಪ್ಪಿಗೆ ಪಡೆದು ತಿಲಕವಾಡಿಯ ಜಾಗವನ್ನೂ ಮಾರಿ, 2025ರ ಮಾರ್ಚ್‌ನಲ್ಲಿ ಪೂರ್ತಿ ತೀರಿಸಿದೆವು. ಒತ್ತೆ ಬಿಡುಗಡೆಯ ಪತ್ರವನ್ನು ಅಪ್ಪ ಫೌಂಡ್ರಿಯ ದೇವರ ಮುಂದೆ ಇಟ್ಟರು.

ಅದಾದ ಒಂದು ತಿಂಗಳಿಗೆ ಕಾಕಾ ಕರೆದರು. ಅವರ ಬ್ಯಾಂಕಿನ ಸಂಪತ್ತು ಸಲಹೆಗಾರ ಒಂದು ಪ್ರೈವೇಟ್ ಕ್ರೆಡಿಟ್ ಫಂಡಿನ ದಪ್ಪ ಪುಸ್ತಕ ಕೊಟ್ಟು ಹೋಗಿದ್ದ. ಕನಿಷ್ಠ ಹೂಡಿಕೆ 1 ಕೋಟಿ. "ಶೇ 17 ಅಂತಾನಲ್ಲೋ, ಎಫ್‌ಡಿ ಯಾಕ ಇಡಬೇಕು?" ಎಂದು ಕೇಳಿದರು. "ಕಾಕಾ, ಆ ಹದಿನೇಳು ನಮ್ಮಂಥವರು ಕೊಡೂದು ರೀ. ನಿಮ್ಮ ಕೈಗೆ ಬರೂದು ಬ್ಯಾರೆ" ಎಂದೆ.

ಇಬ್ಬರೂ ಕೂತು ಪುಸ್ತಕ ಓದಿದೆವು. ನಿರ್ವಹಣಾ ಶುಲ್ಕ ಮೊದಲು ಕಳೆಯುತ್ತದೆ. ಒಂದು ಮಟ್ಟ ದಾಟಿದ ಲಾಭದಲ್ಲಿ ಅವರಿಗೂ ಪಾಲು. ಬಡ್ಡಿ ಆದಾಯಕ್ಕೆ ಕಾಕಾ ತಮ್ಮ ಸ್ಲ್ಯಾಬಿನ ತೆರಿಗೆ ಕಟ್ಟಬೇಕು. ಮೌಲ್ಯದಲ್ಲಿ ಮೂರನೇ ಎರಡರಷ್ಟು ಹೂಡಿಕೆದಾರರು ಒಪ್ಪಿದರೆ ಅವಧಿ ಎರಡು ವರ್ಷದ ತನಕ ಮುಂದಕ್ಕೆ ಹೋಗಬಹುದು. ಆಮೇಲೆ ಒಂದು ಹಾಳೆಯಲ್ಲಿ ಐದು ಪ್ರಶ್ನೆ ಬರೆದುಕೊಟ್ಟೆ. ಒತ್ತೆಯಲ್ಲಿ ಏನಿದೆ, ಅದರ ಮೇಲೆ ಬ್ಯಾಂಕಿನ ಮೊದಲ ಹಕ್ಕು ಇದೆಯೇ? ಬಡ್ಡಿಯಲ್ಲಿ ಕೈಗೆ ಬರುವ ನಗದು ಎಷ್ಟು, ಕೊನೆಗೆ ಬರುತ್ತದೆಂದು ಲೆಕ್ಕ ಹಿಡಿದದ್ದು ಎಷ್ಟು? ಒಂದೇ ಧಣಿಯ ಕಂಪನಿಗಳಿಗೆ ಎಷ್ಟು ಹಣ ಹೋಗಿದೆ? ಹಿಂದಿನ ಫಂಡು ಪೂರ್ತಿ ವಾಪಸು ಕೊಟ್ಟಿದೆಯೇ? ಎಷ್ಟು ಸಾಲಗಳಲ್ಲಿ ಕರಾರು ಸಡಿಲಿಸಿದ್ದೀರಿ?

ನಾಲ್ಕಕ್ಕೆ ಉತ್ತರ ಬಂದಿದೆ. ಐದನೆಯದು ಬರುವ ತನಕ ಕಾಕಾ ಚೆಕ್ ಬರೆಯುವುದಿಲ್ಲವಂತೆ.