ಸೊಪ್ಪಿನ ಬೆಟ್ಟ ಮತ್ತೆ ಚಿಗುರಿದ ಬಗೆ: ನನ್ನ ಅನುಭವ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟಿರುವ ಕಾಡಿನ) ಕಾನೂನನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಉಳಿದುಬಂದ ಈ ಸೌಲಭ್ಯದಲ್ಲಿ ಸೊಪ್ಪು ನಮ್ಮದು, ಮರ ಸರ್ಕಾರದ್ದು. ಪೂರ್ಣ ಹಕ್ಕು ಕೊಟ್ಟರೆ ಮಾತ್ರ ಬೆಟ್ಟ ಉಳಿಯುತ್ತದೆ ಎಂದು ಒಂದು ಪಕ್ಷ, ಅರಣ್ಯ ಇಲಾಖೆಯೇ ಮರಳಿ ಪಡೆಯಬೇಕೆಂದು ಇನ್ನೊಂದು ಪಕ್ಷ ವಾದಿಸುತ್ತಲೇ ಇವೆ. 1983ರಲ್ಲಿ ಅಪ್ಪಿಕೋ ಚಳವಳಿ ನಡೆಸಿ ಸರ್ಕಾರಿ ಕಾಡಿಗಾಗಿ ಮರಗಳನ್ನು ಅಪ್ಪಿಕೊಂಡ ಸೀಮೆಯಲ್ಲಿ ಮನೆಯ ಹಿಂದಿನ ಬೆಟ್ಟ ಬೋಳಾದದ್ದು ನನ್ನನ್ನು ಬಹಳ ಕಾಡಿತ್ತು. ಒಡೆತನ ಬದಲಾಗದೆಯೂ ಬೆಟ್ಟ ಚೇತರಿಸಿಕೊಳ್ಳುತ್ತದೆ ಎಂದಾಗ ನಂಬಿದವರು ಯಾರೂ ಇರಲಿಲ್ಲ. ಈಗ ಅವರೇ ನೋಡಲು ಬರುತ್ತಿದ್ದಾರೆ.

ನಮ್ಮ ಪಾಲಿನ ಹದಿನೈದು ಎಕರೆಯಷ್ಟು ಬೆಟ್ಟಕ್ಕೆ ಮೊದಲು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆವು. ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು. ದನ ಹೋಗುವ ದಾರಿ ಮುಚ್ಚಿದ್ದರಿಂದ ಒಂದೇ ವರ್ಷದಲ್ಲಿ ತಂತಿ ಅಲ್ಲಲ್ಲಿ ತುಂಡಾಯಿತು. ಆಮೇಲೆ ಜೆಸಿಬಿ ತರಿಸಿ ತೆಗೆಸಿದ ಅಗಳ (ಕಂದಕ) ಇಳಿಜಾರಿನಲ್ಲಿ ಮೊದಲ ಮಳೆಗಾಲಕ್ಕೇ ಮಣ್ಣಿನಿಂದ ತುಂಬಿಹೋಯಿತು. ಕೊನೆಗೆ ಕೇರಿಯವರೊಂದಿಗೆ ಕುಳಿತು ಮಾತನಾಡಿ, ಬೆಟ್ಟವನ್ನು ನಾಲ್ಕು ತುಂಡು ಮಾಡಿ, ನೀರಿಗೆ ಹೋಗುವ ದಾರಿಗೆ ದಣಪೆ (ತೆಗೆದು ಹಾಕುವ ಬಾಗಿಲು) ಇಟ್ಟು, ದೀಪಾವಳಿಯ ನಂತರ ಒಂದು ತುಂಡನ್ನು ಮೇವಿಗೆ ಬಿಡುವುದೆಂದು ಒಪ್ಪಿದ ಮೇಲೆಯೇ ಬೇಲಿಗೆ ಬೆಲೆ ಬಂದಿತು. ಭೂನೀತಿಯ ಚರ್ಚೆಗಳಲ್ಲಿ ದನ ಮೇಯಿಸುವವರ ಮಾತು ಕೇಳಿಬರುವುದೇ ಇಲ್ಲ. ನನ್ನ ಬೆಟ್ಟವನ್ನು ಉಳಿಸಿದ್ದು ಅವರೊಂದಿಗಿನ ಆ ಒಪ್ಪಂದ.

ನೆಟ್ಟ ಸಸಿಗಳು ಕೈಕೊಟ್ಟವು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಬೇರು ಸುತ್ತಿಕೊಂಡಿದ್ದ ನೂರಾರು ಸಸಿಗಳಲ್ಲಿ ಮುಕ್ಕಾಲು ಪಾಲು ಎರಡನೆಯ ಬೇಸಿಗೆ ದಾಟಲಿಲ್ಲ. ಗೆದ್ದದ್ದು ಹಳೆಯ ಕುತ್ತಿಗಳು, ಅಂದರೆ ಕಡಿದ ಮರಗಳ ಬುಡಗಳು. ಮತ್ತಿ, ಕಿಂದಲ, ಹೊನ್ನೆಗಳ ಕುತ್ತಿಯಿಂದ ಹತ್ತೆಂಟು ಕುಡಿಗಳು ಏಳುತ್ತವೆ. ಅವುಗಳಲ್ಲಿ ಮಣ್ಣಿಗೆ ತಾಗಿಕೊಂಡೇ ಎದ್ದ ಒಂದೆರಡನ್ನು ಉಳಿಸಿ ಉಳಿದವನ್ನು ಕತ್ತಿಯಿಂದ ಸವರಿದೆ. ಕುತ್ತಿಯ ತಲೆಯಿಂದ ಎದ್ದದ್ದು ಎಷ್ಟೇ ದಪ್ಪವಿದ್ದರೂ ಗಾಳಿಗೆ ಸಿಗಿದು ಬೀಳುತ್ತದೆ. ಸವರುವ ಹದ ಯಾವಾಗ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ. ಈ ಕೆಲಸಕ್ಕೇ ಮರ ಕಡಿದ ಆರೋಪವೂ ಬಂದಿತ್ತು. ವರ್ಷವರ್ಷ ತೆಗೆದಿಟ್ಟಿದ್ದ ಫೋಟೋಗಳನ್ನು ತೋರಿಸಿದ ಮೇಲೆ ಅದು ಅಲ್ಲಿಗೇ ನಿಂತಿತು.

ನಡುವೆ ಖಾಲಿ ಜಾಗದಲ್ಲಿ ಉಪ್ಪಾಗೆ (ಹುಳಿ ಹಣ್ಣಿನ ಮರ) ಹಾಕಿ ನೋಡಿದೆ. ಬೀಜದ ಗಿಡಗಳಲ್ಲಿ ಅರ್ಧದಷ್ಟು ಗಂಡಾಗಿ ಫಲವಿಲ್ಲದೆ ನಿಂತವು, ಆದ್ದರಿಂದ ಈಗ ಕಸಿ ಗಿಡವನ್ನೇ ನೆಡುತ್ತಿದ್ದೇನೆ. ಅಕೇಶಿಯಾ ದರಕನ್ನು (ಒಣಗಿ ಉದುರಿದ ಎಲೆ) ಗೊಬ್ಬರಗುಂಡಿಗೆ ಹಾಕಿದ್ದೂ ಆಯಿತು. ಮತ್ತಿಯ ಸೊಪ್ಪು ಕರಗಿದ ಮೇಲೂ ಅದು ಹಾಗೆಯೇ ಬಿದ್ದಿತ್ತು.

ಒಟ್ಟು ಎರಡೂವರೆ ಲಕ್ಷದಷ್ಟು ಖರ್ಚಾಗಿರಬಹುದು. ಮೊದಲು ವರ್ಷಕ್ಕೆ ನಲವತ್ತು ಸಾವಿರದ ಆಸುಪಾಸು ಗೊಬ್ಬರಕ್ಕೆ ಕೊಡುತ್ತಿದ್ದೆವು. ಈಗ ನಾಲ್ಕೈದು ವರ್ಷಗಳಿಂದ ಹೊರಗಿನ ಒಂದು ಲೋಡೂ ತೋಟಕ್ಕೆ ಬಂದಿಲ್ಲ. ಪಕ್ಕದ ಬೆಟ್ಟದವರಿಬ್ಬರು ಈ ಬೇಸಿಗೆಯಲ್ಲಿ ನಮ್ಮ ಬೇಲಿಗೆ ತಮ್ಮದನ್ನೂ ಸೇರಿಸಲಿದ್ದಾರೆ. ಮೇವಿನ ಒಪ್ಪಂದವನ್ನು ಗ್ರಾಮ ಅರಣ್ಯ ಸಮಿತಿಯ ಪುಸ್ತಕದಲ್ಲಿ ಬರೆಸಿಕೊಂಡೇ ಬೇಲಿಗೆ ಕೈಹಾಕಿ ಎಂದು ಅವರಿಗೆ ಹೇಳಿದ್ದೇನೆ.