ಮೊದಲು ಒರೊಂಗೊ, ಆಮೇಲೆ ಕಡಲು

ಈಸ್ಟರ್ ದ್ವೀಪದಲ್ಲಿ ನಾನು ಹಾಕಿದ್ದ ಪ್ಲಾನ್ ಹೀಗಿತ್ತು: ಬೆಳಿಗ್ಗೆ ಡೈವ್, ಮಧ್ಯಾಹ್ನ ಒರೊಂಗೊ ಎಂಬ ಹಳೆಯ ಕಲ್ಲುಮನೆಗಳ ಊರು. ಡೈವ್ ಗೈಡ್ ಕೇಳಿದವನೇ ತಲೆ ಅಲ್ಲಾಡಿಸಿದ. ಒರೊಂಗೊ ಇರುವುದು ರಾನೊ ಕಾವು ಜ್ವಾಲಾಮುಖಿಯ ಅಂಚಿನಲ್ಲಿ, ಕಡಲಿನಿಂದ ಸುಮಾರು 300 ಮೀಟರ್ ಮೇಲೆ. ಆಳದಿಂದ ಬಂದವರ ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತದೆ. ಕೂಡಲೇ ಎತ್ತರಕ್ಕೆ ಹೋದರೆ ಅದು ಗುಳ್ಳೆ ಕಟ್ಟಬಹುದು. 300 ಮೀಟರ್ ಅಂದರೆ ಆ ಅಪಾಯ ಶುರುವಾಗುವ ಗಡಿಯಷ್ಟೇ, ಆದರೂ ಸುಮ್ನೆ ರಿಸ್ಕ್ ಯಾಕೆ ಅಲ್ವಾ? ಸರದಿ ತಿರುಗಿಸಿದೆ.

ಒರೊಂಗೊದಲ್ಲಿ ಚಪ್ಪಡಿ ಕಲ್ಲು ಪೇರಿಸಿ ಕಟ್ಟಿದ ಐವತ್ತಕ್ಕೂ ಹೆಚ್ಚು ಮನೆಗಳಿವೆ. ಬಾಗಿಲು ಎಷ್ಟು ಗಿಡ್ಡ ಎಂದರೆ ತೆವಳಿಕೊಂಡೇ ಒಳಗೆ ಹೋಗಬೇಕು (ಈಗ ಬಿಡುವುದಿಲ್ಲ). ತುದಿಯ ಬಂಡೆಗಳ ಮೇಲೆ ಹಕ್ಕಿ ತಲೆಯ ಮನುಷ್ಯರನ್ನು ಕೆತ್ತಿದ್ದಾರೆ. ಅವುಗಳಾಚೆ ಪ್ರಪಾತ. ಕೆಳಗೆ ಮೂರು ಪುಟ್ಟ ದ್ವೀಪ: ಮೋಟು ಕಾವೊ ಕಾವೊ, ಮೋಟು ಇಟಿ, ಮೋಟು ನುಯಿ. ಪ್ರತಿ ವಸಂತಕ್ಕೆ ಇಲ್ಲಿಂದ ಆಳುಗಳು ಇಳಿದು, ಜೊಂಡಿನ ಕಟ್ಟು ತಬ್ಬಿಕೊಂಡು ನುಯಿಗೆ ಈಜುತ್ತಿದ್ದರು. ಕಡಲಹಕ್ಕಿಯ ಮೊದಲ ಮೊಟ್ಟೆ ಯಾರ ಆಳಿಗೆ ಸಿಕ್ಕಿತೋ ಆ ಯಜಮಾನ ಒಂದು ವರ್ಷ 'ತಂಗಾತ ಮನು', ಅಂದರೆ ಹಕ್ಕಿಮನುಷ್ಯ. ಇಲ್ಲಿದ್ದ ಮೋಆಯ್ ಮೂರ್ತಿಯೊಂದನ್ನು 1868ರಲ್ಲಿ ಇಂಗ್ಲಿಷರ ಹಡಗು ಹೊತ್ತೊಯ್ದಿತು. ಅದೀಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬೆನ್ನ ಮೇಲೆ ಅದೇ ಹಕ್ಕಿಮನುಷ್ಯರು.

ಮರುದಿನ ದ್ವೀಪದ ಊರು ಹಂಗಾ ರೋವಾದಿಂದ ದೋಣಿ. ಅಲೆಗಳಿಗೆ ಹೊಟ್ಟೆ ತೊಳಸಿತು. ಕಾವೊ ಕಾವೊ ನೀರಿನ ಮೇಲೆ ಬರೀ ಚೂಪು ಬಂಡೆ. ಮುಳುಗಿದರೆ ಅದೇ ಗೋಡೆಯಾಗಿ ನೀಲಿಯೊಳಗೆ ಇಳಿಯುತ್ತಲೇ ಹೋಗುತ್ತದೆ. ನಾನು ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಅಲ್ಲಿ ಮೀನು ಜಾಸ್ತಿ, ಇಲ್ಲಿ ಕಮ್ಮಿ. ಆದರೆ ಇಂಥ ತಿಳಿನೀರನ್ನು ನಾನು ಬೇರೆಲ್ಲೂ ಕಂಡಿಲ್ಲ. ದ್ವೀಪದಲ್ಲಿ ಕೆಸರು ತಂದು ಸುರಿಯುವ ನದಿಯೇ ಇಲ್ಲ. ತಿಳಿನೀರು ಮೋಸವನ್ನೂ ಮಾಡುತ್ತದೆ. ಮೈಯೆಲ್ಲ ಕಪ್ಪು, ರೆಕ್ಕೆಯಂಚು ಮಾತ್ರ ಬಿಳಿ ಇರುವ ಚಿಟ್ಟೆಮೀನಿನ ಹಿಂದೆ ಬಿದ್ದಿದ್ದೆ. ಆಳ 18 ಮೀಟರ್ ಇರಬಹುದು ಅಂದುಕೊಂಡು ಕೈಗೆ ಕಟ್ಟಿದ್ದ ಡೈವ್ ಕಂಪ್ಯೂಟರ್ ನೋಡಿದರೆ 27! ಗೈಡ್ ಮೇಲಿನಿಂದ ನನ್ನನ್ನು ಕರೆಯಲು ಟ್ಯಾಂಕ್ ಬಡಿಯುತ್ತಿದ್ದ.

ಮೇಲೆ ಬಂದಾಗ ದೋಣಿ ಕೊಂಚ ದೂರ ಸರಿದಿತ್ತು. ಕಾಲಿಗೆ ಫಿನ್, ಮೈಗೆ ದಪ್ಪ ಸೂಟ್. ಆದರೂ ಹತ್ತು ನಿಮಿಷ ಈಜುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು. ದೋಣಿಯ ಅಂಚು ಹಿಡಿದು ತಲೆ ಎತ್ತಿದೆ. ಆ ಆಳುಗಳು ಮೊಟ್ಟೆಯನ್ನು ಹಣೆಗೆ ಕಟ್ಟಿಕೊಂಡು ಹತ್ತುತ್ತಿದ್ದ ಗೋಡೆ ನೆಟ್ಟಗೆ ನಿಂತಿತ್ತು.